96ನೇ ವಯಸ್ಸಿನಲ್ಲಿ ಸರ್ಜರಿ ಬೇಡ ಅಂದವರು

ಜಗನ್ಮೋಹನ ಅರಮನೆಗೆ ಹೋಗದವರು ನಮ್ಮ ಕ್ಯಾಂಪಸ್‌ನಲ್ಲಿ ಕಡಿಮೆ. ಸ್ಕೂಲ್ ಟ್ರಿಪ್‌ನಲ್ಲಿ ಸಾಲಾಗಿ ಒಳಗೆ ಹೋಗಿ, ದೀಪ ಹಿಡಿದ ಹೆಂಗಸಿನ ಪೇಂಟಿಂಗ್ ಮುಂದೆ ಬಾಯಿ ಬಿಟ್ಕೊಂಡು ನಿಂತು, ಹೊರಗೆ ಬಂದು ಐಸ್ ಕ್ಯಾಂಡಿ ತಿಂದು ಬಸ್ ಹತ್ತಿರ್ತೀವಿ. ಅದೇ ಅರಮನೆಯಲ್ಲಿ 1933ರಿಂದ 1950ರವರೆಗೆ ಒಂದು ಯೋಗಶಾಲೆ ಇತ್ತು. ಇವತ್ತು ಪ್ರಪಂಚದ ಎಲ್ಲಾ ಕಡೆ ಜನ ಮ್ಯಾಟ್ ಹಾಸಿಕೊಂಡು ಮಾಡೋ ಯೋಗದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಹೊರಟಿದ್ದು. ಇದು ನಂಗೆ ಗೊತ್ತಾಗಿದ್ದು ಈ ಸೆಮ್‌ನಲ್ಲಿ, ಬೆನ್ನುನೋವು ಬಂದ ಮೇಲೆ.

ನಾನು ಎರಡು ವರ್ಷದಿಂದ ವೇಟ್ ಎತ್ತುತ್ತಿದ್ದೀನಿ. ಇಂಟರ್ನಲ್ಸ್ ಮುಗಿದ ಖುಷಿಯಲ್ಲಿ ಒಂದು ಸಂಜೆ ಡೆಡ್‌ಲಿಫ್ಟ್‌ಗೆ ನನ್ನ ಲೆಕ್ಕಕ್ಕಿಂತ 15 ಕೆಜಿ ಜಾಸ್ತಿ ಹಾಕಿದೆ. ಪಕ್ಕದಲ್ಲಿ ಸೀನಿಯರ್ಸ್ ನೋಡ್ತಾ ಇದ್ರು ಅನ್ನೋದು ಬಿಟ್ರೆ ಬೇರೆ ಕಾರಣ ಇರಲಿಲ್ಲ. ಬೆನ್ನು ಬಾಗಿತು, ಆದರೂ ಎತ್ತಿದೆ. ಮರುದಿನ ಬೆಳಿಗ್ಗೆ ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೂ ಕರೆಂಟ್ ಹೊಡೆದ ಹಾಗೆ ನೋವು.

ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಮೊಮೆಂಟ್ ಲೆಕ್ಕ ನೆನಪಿಸಿಕೊಳ್ಳಿ. 100 ಕೆಜಿ ಬಾರ್ ಸೊಂಟದ ಕೀಲಿನಿಂದ 30 ಸೆಂಟಿಮೀಟರ್ ಮುಂದೆ ಇದ್ದರೆ ಮೊಮೆಂಟ್ ಸುಮಾರು 300 ನ್ಯೂಟನ್-ಮೀಟರ್. ಅದನ್ನು ತಡೆಯೋ ಬೆನ್ನಿನ ಸ್ನಾಯು ಕೀಲಿಗೆ ಐದಾರು ಸೆಂಟಿಮೀಟರ್ ದೂರದಲ್ಲಷ್ಟೇ ಇದೆ. ಅಂದ್ರೆ ಸ್ನಾಯು 5,000 ನ್ಯೂಟನ್‌ಗಿಂತ ಜಾಸ್ತಿ ಬಲದಲ್ಲಿ ಎಳೀಬೇಕು. ಆ ಎಳೆತ ಎಲ್ಲಾ ಡಿಸ್ಕ್ ಮೇಲೆ ಒತ್ತಡವಾಗಿ ಕೂರುತ್ತೆ. ಡಿಸ್ಕ್‌ನ ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಜೆಲ್ಲಿ ತರಹದ ತಿರುಳು. ಉಂಗುರ ಬಿರುಕು ಬಿಟ್ಟು ತಿರುಳು ಹೊರಗೆ ಬಂದು ನರಕ್ಕೆ ತಾಗಿದ್ರೆ ಕಾಲಿಗೆ ನೋವು ಇಳಿಯುತ್ತೆ. ನನ್ನ ಎಂಆರ್‌ಐನಲ್ಲಿ ಕಂಡಿದ್ದು ಅದೇ, ಬೆನ್ನುಮೂಳೆಯ ತೀರಾ ಕೆಳಗಿನ ಡಿಸ್ಕ್‌ನಲ್ಲಿ.

ಸರ್ಜರಿ ಮಾಡಿಸ್ಬೇಕಾ ಬೇಡ್ವಾ ಅಂತ ಮನೆಯಲ್ಲಿ ಮೂರು ಪಾರ್ಟಿ ಆಯ್ತು. ಅಪ್ಪನಿಗೆ ರಜದಲ್ಲೇ ಮಾಡಿಸಿ ಮುಗಿಸೋಣ ಅಂತ. ಅಮ್ಮನಿಗೆ ಭಯ. ಅಜ್ಜಿ ಮಾತ್ರ ಒಂದೇ ಹಠ. ಮೈಸೂರಿನ ಕೃಷ್ಣಮಾಚಾರ್ಯರು 96ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡರೂ ಸರ್ಜರಿ ಬೇಡ ಅಂದ್ರಂತೆ, ಹಾಸಿಗೆಯಲ್ಲೇ ಯೋಗ ಮಾಡಿಕೊಂಡು ನೂರು ವರ್ಷ ಬದುಕಿದ್ರಂತೆ, ನಿಂಗೆ 19ಕ್ಕೇ ಯಾಕೋ ಕತ್ತಿ ಅಂತ. ಅಜ್ಜಿ ಹೇಳಿದ್ದು ನಿಜಾನಾ ಅಂತ ಹುಡುಕೋಕೆ ಹೊರಟವನು ಆ ಮನುಷ್ಯನ ಇಡೀ ಜೀವನ ಓದಿದೆ.

ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಆಗಿನ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಮೊದಲ ಗುರು ಅವರ ತಂದೆಯೇ. ಹುಡುಗನಿಗೆ ಹತ್ತು ವರ್ಷ ಆದಾಗ ತಂದೆ ತೀರಿಕೊಂಡರು, ಸಂಸಾರ ಮೈಸೂರಿಗೆ ಬಂತು. ಇಲ್ಲಿನ ಪರಕಾಲ ಮಠಕ್ಕೆ ಅವರ ಮುತ್ತಜ್ಜನೇ ಸ್ವಾಮಿಗಳಾಗಿದ್ದರು. ಮಠದಲ್ಲಿ, ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. 18ರ ವಯಸ್ಸಿಗೆ ಕಾಶಿಗೆ ಹೋದರು. ತರ್ಕ, ವ್ಯಾಕರಣ, ಮೀಮಾಂಸೆ, ಆಯುರ್ವೇದ ಹೀಗೆ ಒಂದಾದ ಮೇಲೆ ಒಂದು ಕಲಿತರು. ಆಮೇಲೆ ಹಿಮಾಲಯದ ಆಚೆ, ಮಾನಸ ಸರೋವರದ ಹತ್ತಿರ ರಾಮಮೋಹನ ಬ್ರಹ್ಮಚಾರಿ ಅನ್ನೋ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತೆ ಅಂತ ಅವರೇ ಹೇಳುತ್ತಿದ್ದರು. ಊರಿಗೆ ಹೋಗಿ ಮದುವೆ ಆಗು, ಯೋಗ ಕಲಿಸು, ಅದೇ ನನ್ನ ದಕ್ಷಿಣೆ ಅಂತ ಗುರು ಕೇಳಿದರಂತೆ.

ಇಷ್ಟೆಲ್ಲ ಓದಿದವರು ವಾಪಸ್ ಬಂದ ಮೇಲೆ ಮಾಡಿದ ಕೆಲಸ ಏನು ಗೊತ್ತಾ? 1925ರಲ್ಲಿ ನಾಮಗಿರಿಯಮ್ಮನವರನ್ನು ಮದುವೆಯಾಗಿ, ಹಾಸನ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಮೇಸ್ತ್ರಿ ಕೆಲಸ. ಯೋಗ ಕಲಿಸಿದರೆ ಹೊಟ್ಟೆ ತುಂಬೋ ಕಾಲ ಅದಾಗಿರಲಿಲ್ಲ. ರಜೆ ಸಿಕ್ಕಾಗ ಊರೂರಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದರು, ಆಸನ ಮಾಡಿ ತೋರಿಸುತ್ತಿದ್ದರು. ಹಾಸನದಲ್ಲಿ ಅಂಥದೊಂದು ಪ್ರದರ್ಶನ ನೋಡಿ ಹಿಂದೆ ಬಿದ್ದ 12 ವರ್ಷದ ಹುಡುಗನೇ ಕೆ. ಪಟ್ಟಾಭಿ ಜೋಯಿಸ್. ಇವತ್ತು ಗೋಕುಲಂನಲ್ಲಿ ಮ್ಯಾಟ್ ಹೆಗಲಿಗೆ ಹಾಕಿಕೊಂಡು ಸ್ಕೂಟರ್‌ನಲ್ಲಿ ಓಡಾಡೋ ಫಾರಿನರ್ಸ್ ಎಲ್ಲ ಆ ಹುಡುಗನ ಪರಂಪರೆಯವರು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಣ್ಣಿಗೆ ಬಿದ್ದ ಮೇಲೆ ದಿನಗಳು ಬದಲಾದವು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷವೇ ‘ಯೋಗ ಮಕರಂದ’ ಬಂತು, 1941ರಲ್ಲಿ ‘ಯೋಗಾಸನಗಳು’. ಎರಡನ್ನೂ ಅವರು ಬರೆದಿದ್ದು ಕನ್ನಡದಲ್ಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಂಗೆ ಇದನ್ನು ತಿಳಿದು ಸ್ವಲ್ಪ ನಾಚಿಕೆನೂ ಆಯ್ತು, ಖುಷಿನೂ ಆಯ್ತು.

ನಮ್ಮ ಜಿಮ್ ಹುಡುಗರಿಗೆ ಇನ್ನೊಂದು ವಿಷಯ. ಆ ಕಾಲದಲ್ಲಿ ಬೆಂಗಳೂರಿನ ದೊಡ್ಡ ವ್ಯಾಯಾಮಪಟು ಕೆ.ವಿ. ಅಯ್ಯರ್. ‘ಶಾಂತಲಾ’ ಕಾದಂಬರಿ ಬರೆದವರೂ ಅವರೇ. ಅವರ ಶಿಷ್ಯರೊಬ್ಬರು ಇದೇ ಜಗನ್ಮೋಹನ ಅರಮನೆಯಲ್ಲಿ, ಯೋಗಶಾಲೆಯ ಪಕ್ಕದಲ್ಲೇ ದೇಹದಾರ್ಢ್ಯ ಕಲಿಸುತ್ತಿದ್ದರು. ಒಂದು ಕಡೆ ವೇಟ್, ಇನ್ನೊಂದು ಕಡೆ ಆಸನ. ಇದು ಬೇಕಾ ಅದು ಬೇಕಾ ಅನ್ನೋ ನಮ್ಮ ಹಾಸ್ಟೆಲ್ ಜಗಳ ಮೈಸೂರಿಗೆ ಹೊಸದಲ್ಲ.

ಅರಮನೆಯ ಕೃಷ್ಣಮಾಚಾರ್ಯರು ಅಂದ್ರೆ ಹುಡುಗರು ನಡುಗುತ್ತಿದ್ದರು. ಕಣ್ಣು ತೀಕ್ಷ್ಣ, ಕೋಪ ಮೂಗಿನ ತುದಿಯಲ್ಲಿ. ಜನರನ್ನು ಸೆಳೆಯೋಕೆ ಪ್ರದರ್ಶನಗಳು ನಡೆಯುತ್ತಿದ್ದವು. ಹುಡುಗರು ಒಂದರ ಹಿಂದೆ ಒಂದು ಕಷ್ಟದ ಆಸನ ಮಾಡಿ ತೋರಿಸಬೇಕಿತ್ತು. 1938ರಲ್ಲಿ ತೆಗೆದ ಒಂದು ಮೂಕಿ ಫಿಲ್ಮ್ ಯೂಟ್ಯೂಬ್‌ನಲ್ಲಿದೆ, ನೋಡಿ. 50ರ ಹತ್ತಿರ ಬಂದಿದ್ದ ಅವರ ಮೈ ಬಾಗೋ ರೀತಿ ನೋಡಿದ್ರೆ ನಮಗೆ ನಮ್ಮ ಮೇಲೇ ಬೇಜಾರಾಗುತ್ತೆ.

ಆ ಫಿಲ್ಮ್‌ನಲ್ಲಿ ಅವರ ಹೆಂಡತಿಯ ತಮ್ಮನೂ ಇದ್ದಾನೆ. ಕೋಲಾರದ ಕಡೆಯ ಬೆಳ್ಳೂರಿನವನು, ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಸೊರಗಿದ ಹುಡುಗ. ಅವನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದದ್ದು. ಒಂದು ಪ್ರದರ್ಶನದಲ್ಲಿ ಭಾವ ಇದ್ದಕ್ಕಿದ್ದಂತೆ ಹನುಮಾನಾಸನ ಮಾಡು ಅಂದರು. ಎರಡೂ ಕಾಲನ್ನು ಹಿಂದೆ ಮುಂದೆ ನೇರವಾಗಿ ಚಾಚಿ ನೆಲಕ್ಕೆ ಕೂರೋ ಆಸನ ಅದು. ಮೊದಲು ಅಭ್ಯಾಸ ಇರಲಿಲ್ಲ, ಇಲ್ಲ ಅನ್ನೋ ಧೈರ್ಯವೂ ಇರಲಿಲ್ಲ. ತೊಡೆಯ ಹಿಂದಿನ ಸ್ನಾಯು ಹರಿದು ಬಹಳ ಕಾಲ ಸರಿಯಾಗಿ ನಡೆಯೋಕೆ ಆಗಲಿಲ್ಲ ಅಂತ ಅಯ್ಯಂಗಾರರೇ ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ. ನೋಡೋರು ಇದ್ದಾರೆ ಅಂತ ಮೈಗೆ ಆಗದ್ದನ್ನು ಮಾಡಿಸಿದರೆ ಮೈ ಹರಿಯುತ್ತೆ. ಆ ಹುಡುಗನಿಗೆ ಮಾಡಿಸಿದವರು ಭಾವ. ನನಗೆ ಮಾಡಿಸಿದವನು ನಾನೇ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಯೋಗಶಾಲೆಗೆ ಬರುತ್ತಿದ್ದ ಹಣ ನಿಂತಿತು. 1950ರಲ್ಲಿ ಬಾಗಿಲು ಮುಚ್ಚಿತು. 60 ದಾಟಿದ ಮನುಷ್ಯ, ಮಕ್ಕಳೊಂದಿಗ, ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. 1950ರ ದಶಕದ ಮೊದಲಲ್ಲೇ ಮದ್ರಾಸಿಗೆ ಹೋದರು. ಪಾರ್ಶ್ವವಾಯು ಬಡಿದಿದ್ದ ಅಲ್ಲಿನ ಒಬ್ಬ ಹೆಸರಾಂತ ವಕೀಲರಿಗೆ ಚಿಕಿತ್ಸೆ ಮಾಡೋಕೆ ಕರೆ ಬಂದಿತ್ತು.

ಅಲ್ಲಿಂದ ಕಾಣೋದು ಬೇರೆಯೇ ಕೃಷ್ಣಮಾಚಾರ್ಯರು. ಈಗ ಎದುರಿಗೆ ಇದ್ದವರು ರಬ್ಬರ್ ತರಹ ಬಾಗೋ ಅರಮನೆ ಹುಡುಗರಲ್ಲ, ಕಾಯಿಲೆಯವರು, ವಯಸ್ಸಾದವರು, ನಡೆಯಲಾಗದವರು. ಗುಂಪಿನ ಪಾಠ ಬಿಟ್ಟು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಡಿ ನೋಡಿ, ವಯಸ್ಸು, ಕೆಲಸ, ಊಟ, ನಿದ್ದೆ ಎಲ್ಲ ಕೇಳಿ ಅವರಿಗೆ ಮಾತ್ರ ಅನ್ನೋ ಅಭ್ಯಾಸ ಕೊಡುತ್ತಿದ್ದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಉಸಿರು ಕೆಡದಂತೆ ಮಾಡೋಕಾದಷ್ಟೇ ಆಸನ. ಕೂರೋಕಾಗದವರಿಗೆ ಮಲಗಿ ಮಾಡೋದು.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ನಮ್ಮ ಜಾತಿಯವರು, ಅಂದ್ರೆ ಎಂಜಿನಿಯರ್. ಮೈಸೂರಿನಲ್ಲಿ ಹುಟ್ಟಿ ಸಿವಿಲ್ ಎಂಜಿನಿಯರಿಂಗ್ ಓದಿದರು. 60ರ ದಶಕದ ಆರಂಭದಲ್ಲಿ ಒಂದು ದಿನ, ವರ್ಷಗಟ್ಟಲೆ ನಿದ್ದೆ ಇಲ್ಲದೆ ಒದ್ದಾಡಿದ್ದ ನ್ಯೂಜಿಲೆಂಡ್ ಹೆಂಗಸೊಬ್ಬರು ಕಾರಿಂದಿಳಿದು ಓಡಿ ಬಂದು, ನಿದ್ದೆ ಬಂತು ಅಂತ ಅಪ್ಪನನ್ನು ಅಪ್ಪಿಕೊಂಡಿದ್ದನ್ನು ಮಗ ನೋಡಿದರು. ಸಂಪ್ರದಾಯಸ್ಥ ಅಪ್ಪನನ್ನು ಬೀದಿಯಲ್ಲಿ ಒಬ್ಬ ವಿದೇಶಿ ಹೆಂಗಸು ಅಪ್ಪಿಕೊಳ್ಳೋದು! ಇದರಲ್ಲಿ ಏನೋ ಇದೆ ಅಂತ ಕೆಲಸದ ಆಸೆ ಬಿಟ್ಟು ಅಪ್ಪನ ಹತ್ತಿರವೇ ಕಲಿಯೋಕೆ ಕೂತರು. 1976ರಲ್ಲಿ ಚೆನ್ನೈನ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದ್ದೂ ಅವರೇ.

ಈಗ ಅಜ್ಜಿಯ ಕಥೆಗೆ ಬರೋಣ. ಅದು ನಿಜ. 96ರಲ್ಲಿ ಕೃಷ್ಣಮಾಚಾರ್ಯರ ಸೊಂಟದ ಮೂಳೆ ಮುರಿಯಿತು. ಸರ್ಜರಿ ಬೇಡ ಅಂದರು. ಹಾಸಿಗೆಯಲ್ಲಿ ಮಲಗಿ ಮಾಡೋ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು. ಪಾಠವನ್ನೂ ಬಿಡಲಿಲ್ಲ. 1989ರ ಫೆಬ್ರವರಿ 28ರಂದು, ನೂರು ತುಂಬಿದ ಮೇಲೆ ತೀರಿಕೊಂಡರು.

ಆದರೆ ಅಜ್ಜಿ ಅದರಿಂದ ತೆಗೆದ ಅರ್ಥ ನಂಗೆ ಒಪ್ಪಿಗೆ ಆಗಲಿಲ್ಲ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಇವತ್ತಿನ ಡಾಕ್ಟರ್‌ಗಳು ಸಾಮಾನ್ಯವಾಗಿ ಬೇಗ ಸರ್ಜರಿ ಮಾಡಿ ಎಬ್ಬಿಸೋದನ್ನೇ ನೋಡ್ತಾರೆ. ಮಲಗಿದಲ್ಲೇ ಮಲಗಿದರೆ ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟೋದು, ಹಾಸಿಗೆ ಹುಣ್ಣು ಎಲ್ಲ ಬರುತ್ತೆ. ಇನ್ನೊಬ್ಬ 96 ವರ್ಷದವರು ಅವರನ್ನು ನೋಡಿ ಹಾಗೇ ಮಾಡಿದ್ರೆ ಏನಾಗುತ್ತೋ. ಅವರ ಹಿಂದೆ ಎಷ್ಟೋ ದಶಕಗಳ ದಿನನಿತ್ಯದ ಅಭ್ಯಾಸ ಇತ್ತು. ಯಾವ ಸ್ನಾಯುವನ್ನು ಹೇಗೆ, ಎಷ್ಟು ಉಸಿರಿನ ಜೊತೆ ಅಲುಗಾಡಿಸಬೇಕು ಅಂತ ಮಲಗಿದಲ್ಲೇ ಗೊತ್ತಿತ್ತು. ತಮ್ಮ ರೋಗಿಗಳಿಗೆ ಮೂವತ್ತು ವರ್ಷ ಮಾಡಿದ್ದನ್ನೇ ಕೊನೆಗೆ ತಮಗೂ ಮಾಡಿಕೊಂಡರು, ಈ ವಯಸ್ಸಿನ ಈ ಮೈಗೆ ಏನು ಸರಿ ಅಂತ ನೋಡಿದರು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡದವರ ನಿರ್ಧಾರವನ್ನು ನಾನು ಕಾಪಿ ಹೊಡೆದ್ರೆ ಅವರ ಪಾಠಕ್ಕೇ ಉಲ್ಟಾ ಆಗುತ್ತೆ.

ಹಾಗಾಗಿ ನನ್ನ ಮೈಗೆ ಏನು ಸರಿ ಅಂತ ಡಾಕ್ಟರ್ ಹತ್ತಿರ ಕೇಳಿದೆ. ಮೂರು ವಿಷಯ ಇದ್ದರೆ ಕಾಯೋ ಹಾಗೇ ಇಲ್ಲ ಅಂದ್ರು: ಪಾದ ಎತ್ತೋಕಾಗದಂತೆ ಬಲ ಕಮ್ಮಿ ಆಗ್ತಾ ಹೋಗೋದು, ಮೂತ್ರ ಅಥವಾ ಮಲದ ಹಿಡಿತ ತಪ್ಪೋದು, ಸೈಕಲ್ ಸೀಟ್ ತಾಗೋ ಜಾಗ ಜೋಮು ಹಿಡಿಯೋದು. ಆಗ ಯೋಗನೂ ಇಲ್ಲ, ಅಜ್ಜಿನೂ ಇಲ್ಲ, ನೇರ ಎಮರ್ಜೆನ್ಸಿ. ನಂಗೆ ಮೂರೂ ಇಲ್ಲ. ಇಲ್ಲದವರಲ್ಲಿ ಬಹಳ ಜನರ ನೋವು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ, ಹೊರಬಂದ ತಿರುಳು ಎಷ್ಟೋ ಸಲ ಕರಗುತ್ತೆ. ನೆದರ್ಲೆಂಡ್ಸ್‌ನಲ್ಲಿ ಹೀಗೆ ತೀವ್ರ ಕಾಲುನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಬೇಗ ಸರ್ಜರಿ ಆದ ಗುಂಪು ಬೇಗ ಚೇತರಿಸಿಕೊಂಡಿತು. ಆದರೆ ಒಂದು ವರ್ಷ ಆದ ಮೇಲೆ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಕಾದು ನೋಡಿದ ಗುಂಪಿನಲ್ಲೂ 39% ಜನ ಕೊನೆಗೆ ಸರ್ಜರಿ ಮಾಡಿಸಿಕೊಂಡರು. ಅಂದ್ರೆ ಅಪ್ಪ ಹೇಳೋದೂ ತಪ್ಪಲ್ಲ. ಸರ್ಜರಿಯಿಂದ ಸಿಗೋ ಮುಖ್ಯ ಲಾಭ ಟೈಮ್.

ನಂಗೆ ಟೈಮ್ ಇದೆ. ಕಾಯ್ತಾ ಇದ್ದೀನಿ. ಇದು ಏಳನೇ ವಾರ. ಫಿಸಿಯೋಥೆರಪಿ ಹೇಳಿಕೊಟ್ಟಿದ್ದನ್ನು ದಿನಾ ಮಾಡ್ತೀನಿ, ಅರ್ಧ ಗಂಟೆ ನಡೀತೀನಿ, ಲ್ಯಾಬ್‌ನಲ್ಲಿ ನಿಂತೇ ಇರ್ತೀನಿ. ನೋವು ಹಿಮ್ಮಡಿಯಿಂದ ಮಂಡಿಯವರೆಗೆ ಮೇಲೆ ಬಂದಿದೆ, ಅದು ಒಳ್ಳೇ ಲಕ್ಷಣ ಅಂದಿದ್ದಾರೆ. 12ನೇ ವಾರಕ್ಕೂ ಕೂತು ಪರೀಕ್ಷೆ ಬರೆಯೋಕೆ ಆಗ್ದಿದ್ರೆ ಸರ್ಜರಿ ಮಾಡಿಸ್ಕೊತೀನಿ. ಅಪ್ಪನಿಗೂ ಅಜ್ಜಿಗೂ ಒಟ್ಟಿಗೆ ಕೂರಿಸಿ ಇದನ್ನೇ ಹೇಳಿದೀನಿ. ಅಜ್ಜಿ ಮುಖ ಊದಿಸಿಕೊಂಡಿದ್ದಾರೆ, ಆದರೆ ದಿನಾ ಸಂಜೆ ವಾಕಿಂಗ್‌ಗೆ ಜೊತೆಗೆ ಬರ್ತಾರೆ.

ಮೊನ್ನೆ ಭಾನುವಾರ ಇಬ್ಬರೂ ಜಗನ್ಮೋಹನ ಅರಮನೆವರೆಗೂ ಹೋಗಿದ್ವಿ. ಕೃಷ್ಣಮಾಚಾರ್ಯರು ಕಲಿತ ಪರಕಾಲ ಮಠವೂ ಅಲ್ಲೇ ಹತ್ತಿರದಲ್ಲಿದೆ. ವಾಪಸ್ ಬರುವಾಗ ಎರಡು ಸಲ ನಿಂತು ಸುಧಾರಿಸಿಕೊಳ್ಳಬೇಕಾಯ್ತು. ಒಂದು ಸಲ ಅಜ್ಜಿಗೋಸ್ಕರ, ಒಂದು ಸಲ ನಂಗೋಸ್ಕರ.