ಜಾವಾದ ಜನಕ ಫ್ರಾಂಟಿಶೆಕ್ ಯಾನೆಚೆಕ್

ಎಗ್ಮೋರ್ ರೈಲು ನಿಲ್ದಾಣದಿಂದ ಹೊರಬಿದ್ದು ಕೂವಂ ನದಿಯ ಕಡೆಗೆ ನಡೆದರೆ ಪುದುಪೇಟೆ ಸಿಕ್ಕುತ್ತದೆ. ಹಳೆಯ ವಾಹನಗಳನ್ನು ಬಿಚ್ಚಿ ಅವುಗಳ ಬಿಡಿಭಾಗಗಳನ್ನು ಮಾರುವ ಅಂಗಡಿಗಳಿಗೆ ಅಲ್ಲಿಯ ಬೀದಿಗಳು ಹೆಸರಾಗಿವೆ. ಗಾಲಿ, ಸರಪಣಿ, ದೀಪ, ಎಂಜಿನುಗಳ ರಾಶಿಯ ನಡುವೆ ಜಾವಾ ಎಂಬ ಹೆಸರನ್ನು ಹೊತ್ತ ಒಂದು ಪೆಟ್ರೋಲು ಟ್ಯಾಂಕು ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ಭೂಗೋಳದ ಪಾಠವನ್ನು ಓದಿದ ಬಾಲಕನು ಅದನ್ನು ನೋಡಿ, ಇದು ಜಾವಾ ದ್ವೀಪದಿಂದ ಬಂದ ವಾಹನವಾಗಿರಬೇಕೆಂದು ಬಗೆಯುವುದು ಸಹಜ. ಆದರೆ ಆ ದ್ವೀಪಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಆ ಹೆಸರಿನ ಅರ್ಧದಲ್ಲಿ ಒಬ್ಬ ಮನುಷ್ಯನೂ, ಉಳಿದರ್ಧದಲ್ಲಿ ಆತನು ಮಾಡಿದ ಒಂದು ದುಬಾರಿ ತಪ್ಪೂ ಅಡಗಿವೆ. ಆತನ ಹೆಸರನ್ನು ಹೊತ್ತ ವಾಹನಗಳು ನಮ್ಮ ಮೈಸೂರಿನಲ್ಲಿಯೇ ತಯಾರಾದುವಾದ್ದರಿಂದ, ಕನ್ನಡಿಗರಾದ ನಾವು ಆತನ ಚರಿತ್ರೆಯನ್ನು ಅರಿತುಕೊಳ್ಳುವುದು ಉಚಿತವೇ ಆಗಿದೆ.

ಫ್ರಾಂಟಿಶೆಕ್ ಯಾನೆಚೆಕ್ 1878ನೆಯ ಇಸವಿ ಜನವರಿ 23ರಂದು ಬೊಹಿಮಿಯಾ ಪ್ರಾಂತದ ಒಂದು ಸಣ್ಣ ಹಳ್ಳಿಯಲ್ಲಿ ಜನಿಸಿದನು. ಆಗ ಆ ನಾಡು ಆಸ್ಟ್ರಿಯಾ-ಹಂಗೆರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಪ್ರಾಗ್ ನಗರದಲ್ಲಿಯೂ ಅನಂತರ ಬರ್ಲಿನ್ನಿನಲ್ಲಿಯೂ ಯಂತ್ರಶಾಸ್ತ್ರವನ್ನು ವ್ಯಾಸಂಗ ಮಾಡಿ, ಆತನು ಎಂಜಿನಿಯರನಾದನು. ಕೆಲವು ಕಾಲ ಪರರ ಕಾರ್ಖಾನೆಗಳಲ್ಲಿ ದುಡಿದನು. ಕೆಲಸದ ನಿಮಿತ್ತ ಹಾಲೆಂಡ್ ದೇಶಕ್ಕೂ ಹೋಗಿಬಂದನು. ಪರರ ಕೈಕೆಳಗೆ ದುಡಿದು ಜೀವನವನ್ನು ಕಳೆಯುವ ಸ್ವಭಾವ ಆತನದಾಗಿರಲಿಲ್ಲ. 1909ರಲ್ಲಿ ಸ್ವಂತ ಕಾರ್ಯಾಗಾರವೊಂದನ್ನು ತೆರೆದನು. ಹೊಸ ಉಪಕರಣಗಳನ್ನು ಕಲ್ಪಿಸುವುದರಲ್ಲಿ ಆತನ ಬುದ್ಧಿ ಬಹು ಚುರುಕಾಗಿತ್ತು. ತನ್ನ ಕಲ್ಪನೆಗಳಿಗೆ ಆತನು ಅನೇಕ ಪೇಟೆಂಟುಗಳನ್ನು ಪಡೆದನು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಯಾನೆಚೆಕನ ಬುದ್ಧಿಯೂ ಯುದ್ಧದ ಕಡೆಗೇ ಹರಿಯಿತು. ಆತನು ಹೊಸ ಬಗೆಯ ಕೈಬಾಂಬನ್ನು ರಚಿಸಿದನು. ಯುದ್ಧವು 1918ರಲ್ಲಿ ಮುಗಿದು ಚೆಕೊಸ್ಲೊವಾಕಿಯಾ ಎಂಬ ಸ್ವತಂತ್ರ ರಾಷ್ಟ್ರವು ಉದಯಿಸಿದ ಮೇಲೆ, ಪ್ರಾಗ್ ನಗರದಲ್ಲಿ ದೊಡ್ಡ ಆಯುಧದ ಕಾರ್ಖಾನೆಯನ್ನು ಸ್ಥಾಪಿಸಿ ಹೊಸ ಸರ್ಕಾರದ ಸೈನ್ಯಕ್ಕೆ ಆಯುಧಗಳನ್ನು ಒದಗಿಸಿದನು. ಧನವೂ ಕೀರ್ತಿಯೂ ಬಂದುವು. ಆದರೆ ಶಾಂತಿಯ ವರ್ಷಗಳು ಒಂದರ ಹಿಂದೊಂದು ಉರುಳಿದಂತೆ ಆಯುಧಗಳಿಗೆ ಬೇಡಿಕೆ ತಗ್ಗಿತು. ನಾಡಿಗೆ ಹಿತವಾದುದು ಕಾರ್ಖಾನೆಗೆ ಕುತ್ತಾಗಿ ಪರಿಣಮಿಸಿತು. ಯಂತ್ರಗಳು ಸುಮ್ಮನೆ ನಿಲ್ಲಬಾರದು, ಕೆಲಸಗಾರರು ಮನೆಗೆ ಮರಳಬಾರದು ಎಂದರೆ ಜನಕ್ಕೆ ದಿನನಿತ್ಯ ಬೇಕಾದ ಬೇರೆ ಯಾವುದನ್ನಾದರೂ ತಯಾರಿಸಬೇಕಾಗಿತ್ತು. ಯಾನೆಚೆಕನು ಮೋಟಾರು ಸೈಕಲನ್ನು ಆರಿಸಿಕೊಂಡನು. ಆಗ ಆತನಿಗೆ ಐವತ್ತು ವರ್ಷ ದಾಟಿತ್ತು. ಆ ವಯಸ್ಸಿನಲ್ಲಿ ಹೊಸ ವಿದ್ಯೆಯೊಂದಕ್ಕೆ ಶಿಷ್ಯನಾಗುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮೋಟಾರು ಸೈಕಲೆಂದರೆ ಎಂಜಿನೊಂದೇ ಅಲ್ಲ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಎಂಜಿನು ವಾಹನಕ್ಕೆ ಹೃದಯವಾದರೆ, ಅದನ್ನು ಹೊತ್ತು ಎರಡು ಗಾಲಿಗಳನ್ನು ಜೋಡಿಸುವ ಚೌಕಟ್ಟು ಅದರ ಬೆನ್ನೆಲುಬು. ತಿರುವಿನಲ್ಲಿ ಚೌಕಟ್ಟು ಸ್ವಲ್ಪ ಬಳುಕಿದರೂ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಂದೇ ಜಾಡಿನಲ್ಲಿ ಸಾಗುವುದಿಲ್ಲ. ಸವಾರನ ಪ್ರಾಣಕ್ಕೇ ಅಪಾಯ. ಆದುದರಿಂದಲೇ ಪಂದ್ಯದ ವಾಹನಗಳ ಲೋಕದಲ್ಲಿ ಚೌಕಟ್ಟು ಕಟ್ಟುವವರಿಗೆ ಬೇರೆಯೇ ಒಂದು ಗೌರವವಿತ್ತು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಎಂಬಾತನು ಉಕ್ಕಿನ ಕೊಳವೆಗಳನ್ನು ಬಾಗಿಸಿ ಬೆಸೆದು ರಚಿಸಿದ ಚೌಕಟ್ಟನ್ನು ನಾರ್ಟನ್ ಕಂಪೆನಿಯು 1950ರಲ್ಲಿ ತನ್ನ ಪಂದ್ಯದ ವಾಹನಗಳಿಗೆ ಅಳವಡಿಸಿತು. ಅದರ ಮೇಲೆ ಕುಳಿತವರಿಗೆ ಗರಿಯ ಹಾಸಿಗೆಯ ಮೇಲೆ ಕುಳಿತಂತಾಗುವುದೆಂದು ಅದಕ್ಕೆ ಆ ಹೆಸರೇ ನಿಂತಿತು. ಯಾನೆಚೆಕನ ಕಾಲದಲ್ಲಿ ಇನ್ನೊಂದು ಮಾರ್ಗವೂ ಇತ್ತು. ಕೊಳವೆಗಳಿಗೆ ಬದಲಾಗಿ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಚೌಕಟ್ಟಿನ ಅಂಗಗಳನ್ನು ಮಾಡುವುದೇ ಆ ಮಾರ್ಗ.

ಜರ್ಮನಿಯ ವಾಂಡರರ್ ಎಂಬ ಕಂಪೆನಿಯು ಇಂತಹ ಒತ್ತಿದ ಉಕ್ಕಿನ ಚೌಕಟ್ಟಿನ, 500 ಸಿ.ಸಿ. ಎಂಜಿನಿನ ವಾಹನವೊಂದನ್ನು ರೂಪಿಸಿತ್ತು. ಹಿಂದಿನ ಗಾಲಿಗೆ ಸರಪಣಿಗೆ ಬದಲಾಗಿ ಉಕ್ಕಿನ ದಂಡದ ಮೂಲಕ ಶಕ್ತಿಯನ್ನು ಸಾಗಿಸುವ ವ್ಯವಸ್ಥೆ ಅದರಲ್ಲಿತ್ತು. ನೋಟಕ್ಕೆ ಭವ್ಯವಾದ ಆ ವಾಹನದ ತಯಾರಿಕೆಯ ಹಕ್ಕನ್ನು ಯಾನೆಚೆಕನು ಕೊಂಡನು. ತನ್ನ ಹೆಸರಿನ ಮೊದಲ ಎರಡು ರೋಮನ್ ಅಕ್ಷರಗಳಿಗೆ ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಸೇರಿಸಿದನು. ಚೆಕ್ ಜನರು ಅದನ್ನು ಯಾವಾ ಎಂದು ಉಚ್ಚರಿಸುವರು. ನಮ್ಮ ನಾಲಗೆಯಲ್ಲಿ ಅದು ಜಾವಾ ಆಯಿತು.

1929ರ ಅಕ್ಟೋಬರಿನಲ್ಲಿ ಮೊದಲನೆಯ ಜಾವಾ ಕಾರ್ಖಾನೆಯಿಂದ ಹೊರಬಂದಿತು. ಅದೇ ತಿಂಗಳಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಲೋಕವನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸತೊಡಗಿತು. ವಾಹನದ ಬೆಲೆ ಹೆಚ್ಚು. ಕೊಳ್ಳುವವರ ಕೈ ಬರಿದು. ಅದರ ಮೇಲೆ ಯಂತ್ರದಲ್ಲಿಯೂ ದೋಷಗಳು ತೋರಿದುವು. ಅಪಾರ ಹಣವನ್ನು ಸುರಿದು ಕೊಂಡ ಹಕ್ಕು ಹೊರೆಯಾಯಿತು. ಅಭಿಮಾನಿಯಾದ ಮತ್ತೊಬ್ಬನಾಗಿದ್ದರೆ ತನ್ನ ಆಯ್ಕೆಯನ್ನೇ ಸಮರ್ಥಿಸಿಕೊಂಡು ಕಾರ್ಖಾನೆಯೊಡನೆ ತಾನೂ ಮುಳುಗುತ್ತಿದ್ದನೋ ಏನೋ. ಯಾನೆಚೆಕನು ತನ್ನ ತಪ್ಪನ್ನು ಕಂಡುಕೊಂಡನು. ಈ ವಿದ್ಯೆಯಲ್ಲಿ ತನಗಿಂತ ಬಲ್ಲವನನ್ನು ಹುಡುಕಿ ಕರೆತರುವುದೇ ಲೇಸೆಂದು ನಿಶ್ಚಯಿಸಿದನು.

ಹಾಗೆ ಬಂದವನು ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ಆಂಗ್ಲ ಶಿಲ್ಪಿ. ಇಂಗ್ಲೆಂಡಿನ ಬ್ರೋ ಸುಪೀರಿಯರ್, ಮೆಕ್‌ಎವಾಯ್ ಮತ್ತು ಬೆಲ್ಜಿಯಂನ ಎಫ್.ಎನ್. ಸಂಸ್ಥೆಗಳಲ್ಲಿ ದುಡಿದು ನುರಿತಿದ್ದ ಆತನು ಸ್ವತಃ ಪಂದ್ಯದ ಸವಾರನೂ ಆಗಿದ್ದನು. ಕಾಗದದ ಮೇಲೆ ಗೆರೆ ಎಳೆದ ಕೈಯೇ ಪಂದ್ಯದ ದಿನ ವಾಹನದ ಹಿಡಿಯನ್ನೂ ಹಿಡಿಯುತ್ತಿತ್ತಾದ್ದರಿಂದ, ಚೌಕಟ್ಟಿನ ಗುಣದೋಷಗಳು ಆತನಿಗೆ ಮೈಯ ಅನುಭವದಿಂದಲೇ ತಿಳಿದಿದ್ದುವು. ಆತನು ಜಾವಾಕ್ಕಾಗಿ ಪಂದ್ಯದ ವಾಹನಗಳನ್ನು ರಚಿಸಿದನು. 1930ರ ದಶಕದಲ್ಲಿ ಅವು ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿ.ಟಿ. ಪಂದ್ಯಕ್ಕೂ ಹೋದುವು. ಬೆಟ್ಟವನ್ನೇರಿ ಹಳ್ಳಿಗಳ ನಡುವೆ ನುಸುಳುವ ಅಲ್ಲಿಯ ಒಂದು ಸುತ್ತೇ ಸುಮಾರು 60 ಕಿಲೋಮೀಟರು. ಬ್ರಿಟಿಷರ ಹೆಸರಾಂತ ಯಂತ್ರಗಳನ್ನು ಜಾವಾ ಅಲ್ಲಿ ಮಣಿಸಲಿಲ್ಲವೆಂಬುದು ನಿಜ. ಆದರೆ ಪಂದ್ಯದ ಹಾದಿಯು ಯಂತ್ರಕ್ಕೆ ಕಠಿಣವಾದ ಪರೀಕ್ಷಾಮಂದಿರ. ಎಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಬಳುಕಿತು, ಎಲ್ಲಿ ಕಾದು ನಿಂತಿತು ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ.

ಯಾನೆಚೆಕನನ್ನು ಉಳಿಸಿದುದು ಮಾತ್ರ ಪಂದ್ಯದ ವಾಹನವಲ್ಲ, ಸಾಮಾನ್ಯ ಜನರ ವಾಹನ. 1932ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಸಂಸ್ಥೆಯ 175 ಸಿ.ಸಿ. ಟೂ-ಸ್ಟ್ರೋಕ್ ಎಂಜಿನನ್ನು ಅಳವಡಿಸಿ, ಸರಳವಾದ, ಅಗ್ಗವಾದ ಪುಟ್ಟ ಜಾವಾವನ್ನು ಹೊರತಂದನು. ತೂಕ ಸುಮಾರು 70 ಕಿಲೋಗ್ರಾಂ. ವೇಗ ಗಂಟೆಗೆ 80 ಕಿಲೋಮೀಟರು. ಭವ್ಯವಾದ ಹಿರಿಯಣ್ಣನು ಒಂದು ಸಾವಿರದಷ್ಟು ಮಾರಾಟವಾಗಿದ್ದರೆ, ಈ ತಮ್ಮನು ಒಟ್ಟು ಇಪ್ಪತ್ತೇಳು ಸಾವಿರಕ್ಕೂ ಮೀರಿ ತಯಾರಾದನು. ಗುಮಾಸ್ತರು, ಶಾಲೆಯ ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು ಕೊಳ್ಳಬಹುದಾದ ವಾಹನವೇ ಕಾರ್ಖಾನೆಯ ಅನ್ನದಾತನಾಯಿತು. 1934ರಲ್ಲಿ ಯಾನೆಚೆಕನು ಮೋಟಾರು ಕಾರುಗಳ ತಯಾರಿಕೆಗೂ ಕೈಹಚ್ಚಿದನು.

ಆದರೆ ಆತನ ಕೊನೆಯ ದಿನಗಳು ಸುಖಕರವಾಗಿರಲಿಲ್ಲ. 1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಪ್ರಾಗ್ ನಗರವನ್ನು ಹೊಕ್ಕಿತು. ಪ್ಯಾಚೆಟ್ ಸ್ವದೇಶಕ್ಕೆ ಮರಳಿದನು. ಕಾರ್ಖಾನೆಯು ಆಕ್ರಮಣಕಾರರ ಕೆಲಸಕ್ಕೆ ಬಳಕೆಯಾಯಿತು. ಯಾವ ಯುದ್ಧದ ಉದ್ಯಮದಿಂದ ಹೊರಬಂದು ಶಾಂತಿಯ ಉದ್ಯಮವನ್ನು ಕಟ್ಟಿದ್ದನೋ, ಅದೇ ಯುದ್ಧವು ಶತ್ರುರೂಪದಲ್ಲಿ ಆತನ ಅಂಗಳಕ್ಕೆ ಮರಳಿತು. ನಾಡು ಬಿಡುಗಡೆಯಾಗುವುದನ್ನು ಕಾಣದೆಯೇ 1941ರ ಜೂನ್ ತಿಂಗಳಿನಲ್ಲಿ ಯಾನೆಚೆಕನು ಕಣ್ಮುಚ್ಚಿದನು.

ಒಡೆಯನು ಹೋದರೂ ಆತನು ಕಲಿಸಿದ ಕಸುಬು ಹೋಗಲಿಲ್ಲ. ಆಕ್ರಮಣಕಾರರ ಕಣ್ಣು ತಪ್ಪಿಸಿ ಕಾರ್ಖಾನೆಯ ಶಿಲ್ಪಿಗಳು ಹೊಸದೊಂದು 250 ಸಿ.ಸಿ. ವಾಹನವನ್ನು ಗುಟ್ಟಾಗಿ ರೂಪಿಸಿದರು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಸ್ಪ್ರಿಂಗುಗಳ ಆಸರೆಯಿದ್ದ ಆ ವಾಹನಕ್ಕೆ ಪೆರಾಕ್ ಎಂಬ ಹೆಸರು ರೂಢಿಯಾಯಿತು. 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ದೊರೆಯಿತು. ಆ ಹೊತ್ತಿಗೆ ಕಾರ್ಖಾನೆಯು ರಾಷ್ಟ್ರೀಕೃತವಾಗಿ ಯಾನೆಚೆಕನ ಕುಟುಂಬದ ಕೈಬಿಟ್ಟಿತ್ತು. ಆದರೂ ಆತನ ಹೆಸರಿನ ಆ ಎರಡು ಅಕ್ಷರಗಳನ್ನು ಟ್ಯಾಂಕಿನ ಮೇಲಿಂದ ಯಾರೂ ಅಳಿಸಲಿಲ್ಲ.

ಆ ಹೆಸರು ಕನ್ನಡ ನಾಡಿಗೆ ಬಂದುದು ಮುಂದಿನ ಕಥೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ಸ್ಥಾಪಿತವಾಗಿ, 1961ರಿಂದ ವಾಹನಗಳು ಹೊರಬಂದುವು. ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. ಎಂಜಿನನ್ನು ಚಾಲೂ ಮಾಡಲು ಕಾಲಿನಿಂದ ಒದೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಆ ವಾಹನದ ವೈಶಿಷ್ಟ್ಯ. 1973ರಲ್ಲಿ ಅದು ಯೆಜ್ದಿ ಎಂಬ ಹೊಸ ಹೆಸರನ್ನು ತಳೆಯಿತು. ನಮ್ಮ ನಗರದ ಉತ್ತರಕ್ಕಿರುವ ಶೋಳಾವರದ ಹಳೆಯ ವಿಮಾನದ ಹಾದಿಯ ಮೇಲೆ ಮೋಟಾರು ಪಂದ್ಯಗಳು ನಡೆಯುತ್ತಿದ್ದ ಕಾಲದಲ್ಲಿ ಮೈಸೂರಿನ ಈ ವಾಹನಗಳೂ ಅಲ್ಲಿ ಓಡಿದುವು. 1996ರಲ್ಲಿ ಆ ಕಾರ್ಖಾನೆಯು ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಹೊಸ ವಾಹನಗಳ ಮೇಲೆ ಭಾರತದಲ್ಲಿ ಮತ್ತೆ ಕಾಣಿಸಿಕೊಂಡಿತು.

ಯಾನೆಚೆಕನು ಎಂದೂ ತಪ್ಪು ಮಾಡದವನಲ್ಲ. ಆತನ ವಾಹನದ ಹೆಸರಿನಲ್ಲಿಯೇ ಆತನ ತಪ್ಪು ಸೇರಿಕೊಂಡಿದೆ. ಆತನು ಅದನ್ನು ಅಳಿಸಿಹಾಕಲಿಲ್ಲ. ಅದರ ಮೇಲೆಯೇ ಸರಿಯಾದುದನ್ನು ಕಟ್ಟಿದನು. ಲೆಕ್ಕದ ಉತ್ತರ ತಪ್ಪಿದಾಗ ಪುಟವನ್ನೇ ಹರಿದೆಸೆಯುವ ನಮ್ಮಂತಹ ವಿದ್ಯಾರ್ಥಿಗಳಿಗೆ ಇದು ನೆನಪಿನಲ್ಲಿಡಬೇಕಾದ ಮಾತು. ಇನ್ನೊಮ್ಮೆ ಪುದುಪೇಟೆಯ ಬೀದಿಯಲ್ಲಿ ಆ ಹಳೆಯ ಟ್ಯಾಂಕು ಕಂಡರೆ, ಕ್ಷಣಕಾಲ ನಿಂತು ಆತನನ್ನು ಸ್ಮರಿಸೋಣ.