ಪಾಲ್ವಂಕರ್ ಬಾಲೂ

ಕ್ರಿಕೆಟ್ಟಿನಲ್ಲಿ ಬ್ಯಾಟುಗಾರ ಮೇಲೋ ಬೌಲರ್ ಮೇಲೋ ಎಂಬ ಚರ್ಚೆ ಹಳೆಯದು. 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಲೂ ಎಡಗೈ ಸ್ಪಿನ್ ಬೌಲರು. ಪುಣೆಯ ಕ್ರಿಕೆಟ್ ಮೈದಾನದಲ್ಲಿ ಕೂಲಿಗಿದ್ದಾಗ ಆಂಗ್ಲ ಬ್ಯಾಟುಗಾರರ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಅವರು ಪಳಗಿದರು. ಬ್ಯಾಟು ಮಾತ್ರ ಅವರ ಕೈಗೆ ಬರಲಿಲ್ಲ. ಮುಂದೆ ಹಿಂದೂ ತಂಡವನ್ನು ಸೇರಿದರೂ, ಅಸ್ಪೃಶ್ಯರೆನಿಸಿದ ಮನೆತನದವರೆಂದು ಅವರಿಗೆ ಚಹವನ್ನು ಹೊರಗೇ, ಬೇರೆ ಪಾತ್ರೆಯಲ್ಲಿ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡವು ಬಹುಪಾಲು ಪಂದ್ಯಗಳನ್ನು ಸೋತಿತು. ಆದರೆ ಬಾಲೂ ಆ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಕೆಡವಿದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. 1923ರಲ್ಲಿ ಅವರ ತಮ್ಮ, ಬ್ಯಾಟುಗಾರ ವಿಠಲರಿಗೆ ದೊರೆಯಿತು. 1932ರಲ್ಲಿ ಭಾರತವು ಮೊದಲ ಟೆಸ್ಟ್ ಆಡುವ ವೇಳೆಗೆ ಬಾಲೂ ಅವರ ಆಟದ ದಿನಗಳು ಕಳೆದಿದ್ದವು. 1955ರಲ್ಲಿ ಅವರು ನಿಧನರಾದರು. ಆಟಗಾರನ ಯೋಗ್ಯತೆಯನ್ನು ಆಟದಿಂದಲ್ಲದೆ ಹುಟ್ಟಿನಿಂದ ಅಳೆದವರೆದುರು ಅವರ ಚೆಂಡೇ ಮಾತನಾಡಿತ್ತು.