ಹೊಗೆ, ಸದ್ದು ಮತ್ತು ರುಡಾಲ್ಫ್ ಡೀಸೆಲ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಕಬ್ಬಿನ ಹಂಗಾಮು ಬರುವುದು ಚಳಿಯೊಡನೆಯೇ. ನಸುಕಿನಲ್ಲಿ ಚಾಲೂ ಮಾಡಿದ ಟ್ರ್ಯಾಕ್ಟರು, ಜೀಪು, ಟರ್ಬೊ ಅಳವಡಿಸಿದ ಕಾರು ಮೊದಲ ಕೆಲವು ನಿಮಿಷ ಕಟಕಟನೆ ಬಡಿದುಕೊಂಡು ಬಿಳಿ ಹೊಗೆಯನ್ನು ಉಗುಳುವುದು ಅಲ್ಲಿನ ನಿತ್ಯದೃಶ್ಯ. ಆ ಯಂತ್ರಕ್ಕೆ ಮೂಲಪುರುಷನಾದವನ ಹೆಸರನ್ನು ಪೆಟ್ರೋಲ್ ಬಂಕಿನಲ್ಲಿ ದಿನವೂ ಉಚ್ಚರಿಸುವ ಅನೇಕರಿಗೆ, ಅದು ಒಬ್ಬ ಮನುಷ್ಯನ ಹೆಸರೆಂಬುದೇ ತಿಳಿದಿರುವುದಿಲ್ಲ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಬವೇರಿಯಾದಿಂದ ವಲಸೆ ಬಂದು ಚರ್ಮದ ಸಾಮಾನು ತಯಾರಿಸುತ್ತಿದ್ದ ಕುಶಲಕರ್ಮಿ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಗಳ ನಡುವೆ ಯುದ್ಧ ಆರಂಭವಾದಾಗ ಕುಟುಂಬವು ಲಂಡನ್ನಿಗೆ ಓಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಓದಿಗಾಗಿ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. 1880ರಲ್ಲಿ ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದಿಂದ ಅತ್ಯುನ್ನತ ಅಂಕಗಳೊಡನೆ ಹೊರಬಂದ ಆತ, ಗುರು ಕಾರ್ಲ್ ಫಾನ್ ಲಿಂಡೆಯ ಶೈತ್ಯಯಂತ್ರಗಳ ಉದ್ಯಮದಲ್ಲಿ ನೌಕರಿಗೆ ಸೇರಿದ. ಆದರೆ ಉರಿಸಿದ ಕಲ್ಲಿದ್ದಲಿನ ಹತ್ತರಲ್ಲಿ ಒಂಬತ್ತು ಪಾಲು ಶಾಖವನ್ನು ಹಬೆಯಂತ್ರಗಳು ವ್ಯರ್ಥಗೊಳಿಸುತ್ತವೆಂಬ ಸಂಗತಿ ವಿದ್ಯಾರ್ಥಿದೆಸೆಯಿಂದಲೇ ಆತನ ಮನಸ್ಸನ್ನು ಕೊರೆಯುತ್ತಿತ್ತು.

ಆತ ಕಂಡುಕೊಂಡ ಉಪಾಯ ಕೇಳಲು ಸರಳ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಇಂಧನವನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೂ ಕ್ರುಪ್ ಸಂಸ್ಥೆಯೂ ನೆರವಿಗೆ ನಿಂತವು. 1893ರ ಆಗಸ್ಟ್ 10ರಂದು ನಡೆದ ಮೊದಲ ಪರೀಕ್ಷೆಯಲ್ಲಿ ಇಂಧನ ಹೊತ್ತಿಕೊಂಡಿತಾದರೂ, ಒತ್ತಡ ಅಳೆಯುವ ಉಪಕರಣವೇ ಸಿಡಿದು ಹತ್ತಿರವಿದ್ದವರ ಪ್ರಾಣಕ್ಕೆ ಸಂಚಕಾರ ಬಂದಿತ್ತು. 1894ರ ಫೆಬ್ರುವರಿ 17ರಂದು ಯಂತ್ರವು ಸ್ವಶಕ್ತಿಯಿಂದ ಓಡಿದ್ದು ಸುಮಾರು ಒಂದು ನಿಮಿಷ ಮಾತ್ರ. ಮತ್ತೆ ಮೂರು ವರ್ಷಗಳ ಶ್ರಮದ ನಂತರ, 1897ರಲ್ಲಿ, ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಅದರ ದಕ್ಷತೆ ಶೇ. 26.2 ಎಂದು ದಾಖಲಾಯಿತು.

ಚಳಿಯ ಬೆಳಗಿನ ಹೊಗೆಗೂ ಬಡಿತಕ್ಕೂ ಕಾರಣ ಈ ತತ್ತ್ವದಲ್ಲಿಯೇ ಅಡಗಿದೆ. ಲೋಹ ತಣ್ಣಗಿದ್ದರೆ ಅದುಮಿದ ಗಾಳಿಯ ಶಾಖವನ್ನು ಅದೇ ಹೀರಿಕೊಳ್ಳುತ್ತದೆ. ಇಂಧನ ಹೊತ್ತಿಕೊಳ್ಳಲು ತಡವಾಗಿ, ಶೇಖರಗೊಂಡದ್ದೆಲ್ಲ ಒಮ್ಮೆಲೇ ಉರಿದಾಗ ಬಡಿತ ಕೇಳುತ್ತದೆ. ಉರಿಯದೆ ಉಳಿದದ್ದು ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ಎಂಜಿನ್ ಕಾದ ಮೇಲೆ ಎರಡೂ ಅಡಗಿದರೆ ಗಾಬರಿಗೆ ಕಾರಣವಿಲ್ಲ; ಚಾಲೂ ಆಗಲು ಹೆಣಗಾಡಿದರೆ ಮೊದಲು ಗ್ಲೋ ಪ್ಲಗ್ ನೋಡಿಸಬೇಕು. ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯಪಡಬೇಕು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ವಾಲ್ವ್ ಸೀಲಿನಿಂದಲೋ ಪಿಸ್ಟನ್ ರಿಂಗಿನಿಂದಲೋ ಟರ್ಬೊದಿಂದಲೋ ನುಸುಳಿರಬಹುದು. ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಇಂಜೆಕ್ಟರಿನ ದೋಷವನ್ನೋ ಹೇಳುತ್ತದೆ. ಕಟ್ಟಿಕೊಂಡ ಏರ್ ಫಿಲ್ಟರ್, ಟರ್ಬೊದ ಸೀಳಿದ ಪೈಪುಗಳನ್ನು ಪರೀಕ್ಷಿಸುವುದು ಅಗ್ಗದ ಕೆಲಸ, ಅಲ್ಲಿಂದಲೇ ಆರಂಭಿಸುವುದು ಜಾಣತನ. ಬಿಸಿಯಾದ ಮೇಲೂ ಬಡಿತ ಉಳಿದು ಭಾರ ಬಿದ್ದಷ್ಟೂ ಗಡಸಾದರೆ ದೋಷ ಇಂಜೆಕ್ಟರಿನದೋ ಬೇರಿಂಗಿನದೋ ಆಗಿರಬಹುದು. ಆಯಿಲ್ ಒತ್ತಡ ನೋಡದೆ ಗಾಡಿ ಓಡಿಸಲಾಗದು.

ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಒಳಕ್ಕೆ ಹೆಚ್ಚು ಗಾಳಿ ತುಂಬುವ ಟರ್ಬೊ ಡೀಸೆಲ್‌ನ ಸಂಶೋಧನೆಯಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರುಗಳಲ್ಲಿ ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತಬಲ್ಲದು. ಗಟ್ಟಿಯಾದ ತಣ್ಣನೆಯ ಆಯಿಲ್ ಅದರ ಬೇರಿಂಗಿಗೆ ತಲುಪುವ ಮುನ್ನವೇ ಆಕ್ಸಿಲರೇಟರ್ ಒತ್ತಿ ಅಬ್ಬರಿಸುವುದು ಹಲವರ ರೂಢಿ. ಟರ್ಬೊಗೆ ಅದು ವಿಷಪ್ರಾಯ.

ಇತ್ತ ಡೀಸೆಲ್‌ಗೆ ಹಣ ಹೊಳೆಯಾಗಿ ಹರಿದುಬಂತು. ಅಮೆರಿಕದ ಹಕ್ಕುಗಳನ್ನು ಮದ್ಯೋದ್ಯಮಿ ಅಡೊಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್‌ಗಳಿಗೆ ಕೊಂಡುಕೊಂಡ. ಆದರೆ ಆರಂಭದ ಎಂಜಿನ್‌ಗಳು ಪದೇ ಪದೇ ಕೆಟ್ಟು ನಿಂತವು. ಪೇಟೆಂಟ್ ವ್ಯಾಜ್ಯಗಳು, ಒಡೆದ ಆರೋಗ್ಯ, ಭೂವ್ಯವಹಾರದಲ್ಲಿ ನಷ್ಟ ಒಂದರ ಮೇಲೊಂದು ಎರಗಿದವು. ಯಂತ್ರದ ದೋಷವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಬಲ್ಲವನಿಗೆ ಸ್ವಂತ ಲೆಕ್ಕಪುಸ್ತಕ ಓದಲು ಬರಲಿಲ್ಲವೆಂಬುದು ವಿಷಾದದ ಮಾತು.

1913ರ ಸೆಪ್ಟೆಂಬರ್ 29ರ ಸಂಜೆ ಆತ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಎಂಬ ಹಡಗನ್ನೇರಿ ಇಂಗ್ಲೆಂಡಿಗೆ ಹೊರಟ. ಊಟ ಮುಗಿಸಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸುವಂತೆ ತಿಳಿಸಿ ಕೋಣೆಗೆ ತೆರಳಿದವನು ಮರುದಿನ ಅಲ್ಲಿರಲಿಲ್ಲ. ಹಲವು ದಿನಗಳ ನಂತರ ಡಚ್ ದೋಣಿಯೊಂದರ ಸಿಬ್ಬಂದಿಗೆ ಸಮುದ್ರದಲ್ಲಿ ಶವ ಕಂಡಿತು. ಜೇಬಿನ ವಸ್ತುಗಳನ್ನಷ್ಟೇ ತೆಗೆದುಕೊಂಡು ದೇಹವನ್ನು ಅಲೆಗಳಿಗೇ ಬಿಟ್ಟರು. ಮಗ ಆ ವಸ್ತುಗಳನ್ನು ಗುರುತಿಸಿದ. ಕೊಲೆಯೆಂಬ ಊಹೆಗಳು ಹಬ್ಬಿದವಾದರೂ, ಸಾಲದ ಹೊರೆಯನ್ನು ಬಲ್ಲವರು ಹೆಚ್ಚಾಗಿ ನಂಬಿದ್ದು ಆತ್ಮಹತ್ಯೆಯನ್ನೇ.

ಸಣ್ಣ ಕುಶಲಕರ್ಮಿಯ ಕೈಗೆ ದೊಡ್ಡ ಕಾರ್ಖಾನೆಗೆ ಸಮನಾದ ಶಕ್ತಿ ದೊರೆಯಬೇಕೆಂಬುದು ಆತನ ಆಸೆಯಾಗಿತ್ತು. ಆತನ ಕಾಲದ ಎಂಜಿನ್ ಅದಕ್ಕೆ ತೀರಾ ದೊಡ್ಡದು. ಬಾಷ್ ಸಂಸ್ಥೆಯ ಇಂಧನ ಪಂಪು 1927ರಲ್ಲಿ ಬಂದ ಬಳಿಕ ಅದು ವೇಗವಾಗಿ ಕಿರಿದಾಯಿತು. 1936ರಲ್ಲಿ ಮರ್ಸಿಡಿಸ್ ಕಾರಿನೊಳಗೂ ಕುಳಿತಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿತು. ಡೀಸೆಲ್ ಬಯಸಿದ ಸಣ್ಣ ಎಂಜಿನ್ ಬಾವಿಯಿಂದ ಹೊಲಕ್ಕೆ ನೀರೆತ್ತಲು ರೈತನ ಕೈಗೆ ಬಂದದ್ದು ಹೀಗೆ.